ಮೇಷ್ಟ್ರ ಸನ್ಮಾನದ ಬದಲು ಮಕ್ಕಳಿಗೊಂದು ಕಬಡ್ಡಿ ಮ್ಯಾಟ್: ಹಳೆಯ ವಿದ್ಯಾರ್ಥಿಗಳ ದೇಣಿಗೆ ಮನವಿ

ಮಾನ್ಯ ಹಳೆಯ ವಿದ್ಯಾರ್ಥಿಗಳೇ, ಪೋಷಕರೇ ಹಾಗೂ ಕ್ರೀಡಾಭಿಮಾನಿಗಳೇ,

ನಮ್ಮ ಅನುದಾನಿತ ಪ್ರೌಢಶಾಲೆಗೆ ದೈಹಿಕ ಶಿಕ್ಷಣ ಶಿಕ್ಷಕರಾಗಿ ಬಂದು, ಸೇವೆಯ ಅಷ್ಟೂ ವರ್ಷಗಳನ್ನು ಇದೇ ಮೈದಾನದಲ್ಲಿ ಕಳೆದ ನಮ್ಮ ಪಿ.ಟಿ. ಮೇಷ್ಟ್ರು ಈ ಶೈಕ್ಷಣಿಕ ವರ್ಷದ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಹಳೆಯ ವಿದ್ಯಾರ್ಥಿಗಳ ಸಂಘವು ಅವರಿಗೊಂದು ಸನ್ಮಾನ ಸಮಾರಂಭ ಏರ್ಪಡಿಸಲು ನಿರ್ಧರಿಸಿ ಮನೆಗೆ ಹೋದಾಗ, ಶಾಲು ಹಾರಗಳಿಗೆ ಖರ್ಚು ಮಾಡುವ ಹಣದಲ್ಲಿ ಮಕ್ಕಳಿಗೆ ಕಬಡ್ಡಿ ಮ್ಯಾಟ್ ತರಬಹುದಲ್ಲವೇ ಎಂದು ಅವರು ಕೇಳಿದರು. ಈ ಮನವಿಯಲ್ಲಿ ತಮ್ಮ ಹೆಸರು ಹಾಕಬಾರದೆಂದೂ ಹೇಳಿದರು. ಅವರ ಕೈಯಲ್ಲಿ ಆಡಿ ಬೆಳೆದವರಿಗೆ ಹೆಸರು ಹೇಳುವ ಅಗತ್ಯವೂ ಇಲ್ಲ.

ಮೈಸೂರಿನಲ್ಲಿ ಪದವಿ ಓದುವಾಗ ಮೇಷ್ಟ್ರು ಒಂದೇ ಆಟಕ್ಕೆ ಅಂಟಿಕೊಂಡವರಲ್ಲ. ಕಬಡ್ಡಿಯಲ್ಲಿ ರೈಡರ್, ವಾಲಿಬಾಲ್‌ನಲ್ಲಿ ಸ್ಮ್ಯಾಷರ್, ಖೋಖೋದಲ್ಲಿ ಕಂಬದ ಬಳಿಯ ಆಟಗಾರ, ಅಥ್ಲೆಟಿಕ್ಸ್ ಬಂದರೆ ಟ್ರಿಪಲ್ ಜಂಪ್. ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಇಡಿ. ಮುಗಿಸಿ ಹಳ್ಳಿಯ ಶಾಲೆಗೆ ಬಂದಾಗ ಆ ನಾಲ್ಕೂ ಆಟಗಳನ್ನು ಒಂದರೊಳಗೊಂದು ಹೆಣೆದು ಕಲಿಸಿದ್ದೇ ಅವರ ತರಬೇತಿಯ ಗುಟ್ಟು. ಖೋಖೋದ ನಡುಗೆರೆಯಲ್ಲಿ 8 ಮಂದಿ ಒಬ್ಬರ ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಕುಳಿತಿರುತ್ತಾರೆ. ಬೆನ್ನ ಹಿಂದಿನಿಂದ 'ಖೋ' ಬಿದ್ದ ಕ್ಷಣದಲ್ಲೇ ಕುಕ್ಕುರುಗಾಲಿನಿಂದ ಚಿಮ್ಮಬೇಕು. ಹಾಗೆ ಚಿಮ್ಮಲು ಕಲಿತ ಹುಡುಗಿಗೆ 100 ಮೀಟರ್ ಓಟದ ಆರಂಭವನ್ನು ಅವರು ಬೇರೆಯಾಗಿ ಕಲಿಸಬೇಕಾಗುತ್ತಿರಲಿಲ್ಲ. ಕಂಬ ಸುತ್ತಿ ದಿಕ್ಕು ತಪ್ಪಿಸುವುದನ್ನು ಅರಿತ ಹುಡುಗ ಕಬಡ್ಡಿಯಲ್ಲಿ ಎದುರಾಳಿ ಅಂಕಣದ ಒಳಗಿನ ಬೋನಸ್ ಗೆರೆಯವರೆಗೆ ಹೋಗಿ ಹಿಡಿತಕ್ಕೆ ಸಿಗದೆ ಮರಳುತ್ತಿದ್ದ. ಎಂಟನೆಯ ತರಗತಿಯ ಮಕ್ಕಳೆಲ್ಲರೂ ಎಲ್ಲ ಆಟಗಳನ್ನೂ ಆಡಲೇಬೇಕು, ಯಾರು ಯಾವ ತಂಡಕ್ಕೆ ಎಂಬುದು ಆಮೇಲಿನ ಮಾತು ಎಂಬುದು ಅವರ ನಿಯಮವಾಗಿತ್ತು. ಹನ್ನೆರಡು ಹದಿಮೂರರ ಮಗುವನ್ನು ಒಂದೇ ಆಟಕ್ಕೆ ಕಟ್ಟಿಹಾಕುವ ಈಗಿನ ರೂಢಿಗಿಂತ ಇದೇ ಸರಿಯಾದ ದಾರಿಯೆಂದು ನಾವು ಮನಸಾರೆ ನಂಬಿದ್ದೇವೆ.

ಕ್ರೀಡಾಕೂಟದ ಹಿಂದಿನ ಸಂಜೆ ಅವರು ಅಂಕಣ ಹಾಕುತ್ತಿದ್ದ ಬಗೆ ನಮ್ಮಲ್ಲಿ ಅನೇಕರಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಗೂಟದಿಂದ ಒಂದು ಕಡೆ 3 ಮೀಟರ್, ಇನ್ನೊಂದು ಕಡೆ 4 ಮೀಟರ್ ಹುರಿ ಎಳೆಸಿ, ಆ ಎರಡು ತುದಿಗಳ ನಡುವೆ ಸರಿಯಾಗಿ 5 ಮೀಟರ್ ಬರುವವರೆಗೆ ಗೂಟವನ್ನು ಸರಿಸುತ್ತ, ಮೂಲೆ ಕಟ್ಟುನಿಟ್ಟಾಗಿ ಲಂಬಕೋನವಾದ ಮೇಲಷ್ಟೇ ಸುಣ್ಣದ ಪುಡಿಯ ಡಬ್ಬಿಗೆ ಕೈ ಹಾಕುತ್ತಿದ್ದರು. ಪೈಥಾಗೊರಸನ ಪ್ರಮೇಯ ತಮಗೆ ಅರ್ಥವಾದದ್ದು ಕಪ್ಪು ಹಲಗೆಯ ಮೇಲಲ್ಲ, ಆ ಹುರಿಯ ತುದಿ ಹಿಡಿದು ನಿಂತಾಗ ಎಂದು ಹೇಳುವವರು ನಮ್ಮ ಸಂಘದಲ್ಲಿ ಇದ್ದಾರೆ.

ಇಷ್ಟಾದರೂ ಒಂದು ಕೊರತೆ ಉಳಿದೇ ಇದೆ. ನಮ್ಮ ಮಕ್ಕಳು ಹೋಬಳಿ, ತಾಲ್ಲೂಕು ಮಟ್ಟಗಳಲ್ಲಿ ಮಣ್ಣಿನ ಅಂಕಣದಲ್ಲಿ ಬರಿಗಾಲಿನಲ್ಲಿ ಆಡಿ ಗೆದ್ದು ಬರುತ್ತಾರೆ; ಮೇಲಿನ ಹಂತಗಳಲ್ಲಿ ಅವರನ್ನು ಮ್ಯಾಟ್ ಎದುರುಗೊಳ್ಳುತ್ತದೆ. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರಿ ನಿಲ್ಲುತ್ತದೆ, ಮ್ಯಾಟಿನ ಮೇಲೆ ಬೂಟು ಕಚ್ಚಿ ನಿಲ್ಲುತ್ತದೆ. ಅಭ್ಯಾಸವಿಲ್ಲದ ಕಾಲು ಅಲ್ಲಿ ತಿರುಗುವುದಕ್ಕೆ ಮೊದಲೇ ಮಂಡಿ ತಿರುಗಿಬಿಡುತ್ತದೆ. ಕಳೆದ ಬಾರಿ ವಿಭಾಗ ಮಟ್ಟದಲ್ಲಿ ನಮ್ಮ ಹುಡುಗಿಯೊಬ್ಬಳು ಎರವಲು ತಂದ, ತನ್ನ ಅಳತೆಗಿಂತ ದೊಡ್ಡದಾದ ಬೂಟಿನ ಮುಂಭಾಗಕ್ಕೆ ಬಟ್ಟೆ ತುರುಕಿಕೊಂಡು ಆಡಿದಳು. ಆಕೆ ಸೋತದ್ದು ಆಟದಲ್ಲಲ್ಲ ಎಂದು ಮೇಷ್ಟ್ರು ಮರಳುವಾಗ ಬಸ್ಸಿನಲ್ಲಿ ಎರಡು ಮೂರು ಸಲ ಹೇಳಿದರು.

ನಮ್ಮ ಜಿಲ್ಲೆಯದೇ ಆದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಅವರು 2025ರ ಜನವರಿಯಲ್ಲಿ ನವದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಆಡಿದರು. ಆ ಪಂದ್ಯಗಳೂ ನಡೆದದ್ದು ಮ್ಯಾಟಿನ ಮೇಲೆಯೇ. ಹಳ್ಳಿಯ ಮಣ್ಣಿನಲ್ಲಿ ಕಲಿತ ಆಟ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ನಮ್ಮ ಮಕ್ಕಳು ಕಂಡಿದ್ದಾರೆ. ಅವರಿಗೆ ಅಲ್ಲಿಗೆ ಹೋಗುವ ಸಿದ್ಧತೆ ಬೇಕು.

ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹಲ್ಲುಗಳನ್ನು ಒಂದಕ್ಕೊಂದು ಕೂಡಿಸಿ ಜೋಡಿಸುವ, ಒಂದು ಚದರ ಮೀಟರಿನ ತುಂಡುಗಳಾದರೆ 130 ಬೇಕಾಗುತ್ತವೆ. ಬಾಲಕಿಯರ 12 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣವನ್ನೂ ಇದರೊಳಗೇ ಗುರುತು ಮಾಡಿಕೊಳ್ಳಬಹುದು. ಆದುದರಿಂದ 130 ಕುಟುಂಬಗಳು ತಲಾ ಒಂದು ತುಂಡಿನ ಹೊಣೆ ಹೊರಬೇಕೆಂದು ನಾವು ವಿನಂತಿಸಿಕೊಳ್ಳುತ್ತೇವೆ. ಒಂದು ತುಂಡಿನ ಪೂರ್ತಿ ಬೆಲೆ ಭಾರವೆನಿಸಿದರೆ ಇಬ್ಬರು ಮೂವರು ಗೆಳೆಯರು ಸೇರಿ ಕೊಡಬಹುದು. ಯಾವ ಮೊತ್ತವೂ ನಮಗೆ ಚಿಕ್ಕದಲ್ಲ. ಮ್ಯಾಟಿನ ಕೆಳಗೆ ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು, ಅದಕ್ಕೆ ಸಿಮೆಂಟು, ಜಲ್ಲಿ, ಮರಳನ್ನು ವಸ್ತುರೂಪದಲ್ಲಿ ಕೊಡುವವರಿಗೂ ಸ್ವಾಗತ. ಮಳೆ ಬಿಸಿಲಿಗೆ ಮ್ಯಾಟ್ ಹಾಳಾಗದಂತೆ, ಅಭ್ಯಾಸದ ನಂತರ ಬಿಚ್ಚಿ ಜೋಡಿಸಿಡಲು ಆಡಳಿತ ಮಂಡಳಿಯು ಒಂದು ಕೊಠಡಿಯನ್ನು ಬಿಟ್ಟುಕೊಟ್ಟಿದೆ.

ದೇಣಿಗೆಯನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಸಂಘದ ಖಾತೆಗೇ ಸಲ್ಲಿಸಬೇಕೆಂದು ಕೋರುತ್ತೇವೆ. ಪ್ರತಿಯೊಬ್ಬರಿಗೂ ರಸೀದಿ ಕೊಡಲಾಗುವುದು. ಮಾರಾಟಗಾರರಿಂದ ಪಡೆದ ದರಪಟ್ಟಿಗಳನ್ನು ಮತ್ತು ಜಮಾ ಖರ್ಚಿನ ವಿವರವನ್ನು ಶಾಲೆಯ ಸೂಚನಾ ಫಲಕದಲ್ಲಿ ಪ್ರತಿ ತಿಂಗಳು ಹಾಕಲಾಗುವುದು. ಹಣ ಕೊಡಲಾಗದವರು, ಸವೆಯದ ಕ್ರೀಡಾ ಬೂಟುಗಳಿದ್ದರೆ ಶಾಲೆಯ ಕಚೇರಿಗೆ ತಲುಪಿಸಿ. ನಮ್ಮ ಮಕ್ಕಳಿಗೆ ಹೆಚ್ಚಾಗಿ ಬೇಕಿರುವುದು 4, 5 ಮತ್ತು 6ನೇ ನಂಬರಿನವು.

ಇಂತಿ,
ಹಳೆಯ ವಿದ್ಯಾರ್ಥಿಗಳ ಸಂಘದ ಪರವಾಗಿ ಕಾರ್ಯದರ್ಶಿ