ಆಯಸ್ಕಾಂತ ಚಿಕಿತ್ಸೆ: ಕರಪತ್ರ ಹೇಳದ ಮಾತು

ಸಂಪಾದಕರಿಗೆ,

ಮಾನ್ಯರೇ,

ಯುದ್ಧ, ಅಪಘಾತ, ನೆರೆಗಳ ಭೀತಿಯಿಂದ ಮನಸ್ಸಿಗೆ ಆದ ಗಾಯವನ್ನು ಆಯಸ್ಕಾಂತದಿಂದ ‘ಶಾಶ್ವತವಾಗಿ’ ಗುಣಪಡಿಸುವುದಾಗಿ ಹೇಳುವ ಕರಪತ್ರವೊಂದನ್ನು ಸೈನ್ಯದಲ್ಲಿ ನನ್ನ ಜೊತೆಗಿದ್ದ ಗೆಳೆಯರೊಬ್ಬರು ಕಳೆದ ವಾರ ಮನೆಗೆ ತಂದಿದ್ದರು. ಕಬ್ಬಿನ ಟ್ರ್ಯಾಕ್ಟರಿನ ಟೈರು ಒಡೆದ ಸದ್ದಿಗೆ ಇಂದಿಗೂ ನೆಲಕ್ಕೆ ಬೋರಲು ಬೀಳುವವರು ಅವರು. ‘ಇದರಿಂದ ನಿದ್ದಿ ಬರತೈತೇನ್ರಿ ಅಣ್ಣಾರ?’ ಎಂದು ಕೇಳಿದರು. ಎತ್ತು ಮಾರಿ ಹಣ ಹೊಂದಿಸುವ ಯೋಚನೆಯಲ್ಲಿದ್ದರು.

ಕರಪತ್ರದಲ್ಲಿರುವ ಟಿಎಂಎಸ್, ಅಂದರೆ ತಲೆಯ ಹೊರಗಿನಿಂದ ಕಾಂತಶಕ್ತಿಯಿಂದ ಮಿದುಳನ್ನು ಪ್ರಚೋದಿಸುವ ಈ ವಿಧಾನ, ಬೂಟಾಟಿಕೆಯಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಮೊದಲು ತೋರಿಸಿದರು. ತಲೆಗೆ ತಾಗಿಸಿದ ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಕ್ಷಣಮಾತ್ರ ಹರಿಸಿದಾಗ ಹುಟ್ಟುವ ಕಾಂತಕ್ಷೇತ್ರವು ತಲೆಬುರುಡೆಯನ್ನು ದಾಟಿ, ಮಿದುಳಿನ ಹೊರಪದರದ ನರಕೋಶಗಳಲ್ಲಿ ಸಣ್ಣ ವಿದ್ಯುತ್ ಪ್ರವಾಹವನ್ನು ಎಬ್ಬಿಸುತ್ತದೆ. ಅರಿವಳಿಕೆ ಬೇಕಿಲ್ಲ, ಶಸ್ತ್ರಕ್ರಿಯೆಯೂ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2008ರಲ್ಲಿ ಖಿನ್ನತೆಗೂ 2018ರಲ್ಲಿ ಗೀಳು ಕಾಯಿಲೆಗೂ ಇದನ್ನು ಒಪ್ಪಿದೆ. ಆದರೆ ಕರಪತ್ರ ಹೇಳುವ ಆ ಮನಸ್ಸಿನ ಗಾಯಕ್ಕೆ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆಗೆ (ಪಿಟಿಎಸ್‌ಡಿ), ಅಂಥ ಒಪ್ಪಿಗೆ ಸಿಕ್ಕಿಲ್ಲ. ಮಾಜಿ ಸೈನಿಕರ ಈ ಕಾಯಿಲೆಯನ್ನು ದಶಕಗಳಿಂದ ನೋಡುತ್ತ ಬಂದಿರುವ ಅದೇ ದೇಶದ ರಕ್ಷಣಾ ಇಲಾಖೆ ಮತ್ತು ಮಾಜಿ ಸೈನಿಕರ ಇಲಾಖೆಗಳು, 2023ರ ತಮ್ಮ ಮಾರ್ಗಸೂಚಿಯಲ್ಲಿ, ಇದನ್ನು ಮಾಡಿ ಎನ್ನಲಿಕ್ಕಾಗಲಿ ಬೇಡ ಎನ್ನಲಿಕ್ಕಾಗಲಿ ಸಾಕಷ್ಟು ಆಧಾರವಿಲ್ಲ ಎಂದಿವೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಕೆಲವರಿಗೆ ಅನುಕೂಲವಾದದ್ದು ನಿಜ. ಅದನ್ನು ‘ಶಾಶ್ವತ’ ಎಂದು ಅಚ್ಚು ಹಾಕಿಸುವುದು ಮಾತ್ರ ವ್ಯಾಪಾರ.

ಆ ಕರಪತ್ರದಲ್ಲಿ ಇಲ್ಲದ್ದೇ ಹೆಚ್ಚು. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕು. ಬೈಲಹೊಂಗಲದಿಂದ ಬೆಳಗಾವಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಕೂಲಿಕಾರನ ಗಳಿಕೆಯನ್ನು ಯಾರು ತುಂಬಿಕೊಡುತ್ತಾರೆ? ಯಂತ್ರವು ಕಿವಿಯ ಪಕ್ಕದಲ್ಲೇ ಟಕಟಕ ಸದ್ದು ಮಾಡುವುದರಿಂದ ಕಿವಿಗೆ ಬಿರಡೆ ಬೇಕು. ಸದ್ದಿಗೇ ಬೆಚ್ಚುವವರಿಗೆ ಇದನ್ನು ಮೊದಲೇ ಹೇಳಬೇಡವೇ? ತಲೆನೋವು ಬರಬಹುದು, ತೀರ ಅಪರೂಪಕ್ಕೆ ಸೆಳೆತವೂ (ಫಿಟ್ಸ್) ಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತಲೆಯಲ್ಲಿ ಲೋಹದ ಚೂರು ಉಳಿದವರಿಗೆ, ಶಸ್ತ್ರಕ್ರಿಯೆಯಿಂದ ಕಿವಿಯೊಳಗೆ ಯಂತ್ರ ಹಾಕಿಸಿಕೊಂಡವರಿಗೆ ಇದು ಅಪಾಯಕಾರಿಯಾಗಬಹುದು. ಸ್ಫೋಟದಲ್ಲಿ ಗಾಯಗೊಂಡ ಸೈನಿಕನನ್ನು ಈ ಪ್ರಶ್ನೆ ಕೇಳದೆ ಕುರ್ಚಿಯಲ್ಲಿ ಕೂರಿಸುವುದು ಹೇಗೆ?

ಈ ಕಾಯಿಲೆಗೆ ಮೊದಲ ಸಾಲಿನಲ್ಲಿ ಬರುವ, ಹೆಚ್ಚು ಆಧಾರವಿರುವ ಚಿಕಿತ್ಸೆಯೆಂದರೆ ತರಬೇತಾದ ಮನಶ್ಶಾಸ್ತ್ರಜ್ಞರ ಎದುರು ಕುಳಿತು, ಹೆದರಿಕೆಯ ನೆನಪನ್ನು ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆ. ಸರ್ಟ್ರಲೀನ್‌ನಂಥ ಗುಳಿಗೆಗಳೂ ಇವೆ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ, ಊರೂರಿಗೂ ಮಾಜಿ ಸೈನಿಕರಿರುವ, 2019ರ ನೆರೆಯಲ್ಲಿ ಮನೆಮಠ ಕಳೆದುಕೊಂಡವರೂ ಇರುವ ಈ ಜಿಲ್ಲೆಯಲ್ಲಿ ಅಂಥ ಮಾತಿನ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಕನ್ನಡದಲ್ಲಿ ಸಿಗುವಂತಾಗಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇರುವಾಗ ಆಪ್ತಸಮಾಲೋಚಕರಿಗೆ ತರಬೇತಿ ಕೊಡಿಸುವುದು ಆಗದ ಕೆಲಸವೇನಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳು ಇಂಥ ಕರಪತ್ರಗಳನ್ನೂ ತರಿಸಿ ಓದಲಿ.

ಗೆಳೆಯರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟಿದ್ದೇನೆ. ಎತ್ತು ಇನ್ನೂ ಕೊಟ್ಟಿಗೆಯಲ್ಲೇ ಇದೆ.

— ನಿವೃತ್ತ ಹವಾಲ್ದಾರ, ಬೈಲಹೊಂಗಲ, ಬೆಳಗಾವಿ ಜಿಲ್ಲೆ