ಇಳುವರಿಯ ಲೆಕ್ಕ ಸದನದ ಮುಂದೆ ಬರಲಿ: ಮೇಲುಕೋಟೆ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀ ದರ್ಶನ್ ಪುಟ್ಟಣ್ಣಯ್ಯ ಅವರಿಗೆ,

ವಂದನೆಗಳು. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸುತ್ತಿದ್ದ ತಾವು, 2018ರ ಫೆಬ್ರವರಿಯಲ್ಲಿ ತಂದೆ ಕೆ.ಎಸ್. ಪುಟ್ಟಣ್ಣಯ್ಯನವರು ತೀರಿಕೊಂಡ ಮೇಲೆ ಚುನಾವಣೆಗೆ ನಿಂತು ಸೋತಿರಿ. 2023ರಲ್ಲಿ ಮತ್ತೆ ಕಣಕ್ಕಿಳಿದು ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದಿರಿ. 224 ಸದಸ್ಯರ ಸದನದಲ್ಲಿ ಆ ಪಕ್ಷಕ್ಕೆ ತಾವೊಬ್ಬರೇ. ಕಾಂಗ್ರೆಸ್ಸಿನ ಬೆಂಬಲ ಪಡೆದು ಗೆದ್ದಿದ್ದರೂ ಆಳುವ ಪಕ್ಷದ ಸದಸ್ಯರಲ್ಲದ ಕಾರಣ, ಸರ್ಕಾರವನ್ನು ನೇರವಾಗಿ ಕೇಳುವ ಸ್ವಾತಂತ್ರ್ಯ ತಮಗೆ ಬೇರೆಯವರಿಗಿಂತ ಹೆಚ್ಚಿದೆ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ರಸ್ತೆ, ಚರಂಡಿ, ಸಮುದಾಯ ಭವನಗಳ ಬೇಡಿಕೆಯನ್ನು ತಮ್ಮ ಮುಂದಿಡುವವರು ಬಹಳ ಮಂದಿ ಇದ್ದಾರೆ. ನಾನು ಕೇಳುವುದು ಸಕ್ಕರೆ ಇಳುವರಿಯ, ಅಂದರೆ ಅರೆದ ಕಬ್ಬಿನ ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಸಿಕ್ಕಿತು ಎಂಬುದರ ಲೆಕ್ಕವನ್ನು.

ಕಾರ್ಖಾನೆಯ ತೂಕದ ಸೇತುವೆ ದಾಟಿದ ಟ್ರ್ಯಾಕ್ಟರಿಗೆ ಒಂದು ಚೀಟಿ ಸಿಗುತ್ತದೆ. ಗಾಡಿಯ ನಂಬರು, ತುಂಬಿದ ತೂಕ, ಖಾಲಿ ತೂಕ ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತವೆ. ಆದರೆ ದರ ನಿಂತಿರುವುದು ಕಾರ್ಖಾನೆಯ ಸರಾಸರಿ ಸಕ್ಕರೆ ಇಳುವರಿಯ ಮೇಲೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಂದು ನಿಗದಿ ಮಾಡಿ, ಅದರ ಮೇಲೆ ಹೆಚ್ಚುವ ಪ್ರತಿ ಶೇ. 0.1ಕ್ಕೆ 3.46 ರೂಪಾಯಿ ಸೇರಿಸಿತು. ಅಂದರೆ ಟನ್ನಿಗೆ ಸುಮಾರು 35 ರೂಪಾಯಿ. ಎಕರೆಗೆ ನಲವತ್ತು ಟನ್ ಬೆಳೆದವನಿಗೆ ಇದು ಸಣ್ಣ ಮೊತ್ತವಲ್ಲ. ಆ ಶೇ. 0.1ನ್ನು ಅಳೆಯುವುದು ಕಾರ್ಖಾನೆಯದೇ ಪ್ರಯೋಗಾಲಯ, ಮತ್ತು ಬೆಳೆಗಾರ ಅದನ್ನು ಪರೀಕ್ಷಿಸಿ ನೋಡುವ ಮಾರ್ಗವೇ ಇಲ್ಲ. ಕಬ್ಬಿನ ಹಾಲಿನ ಒಂದು ಪಾಲನ್ನು ಎಥೆನಾಲ್‌ಗೆ ತಿರುಗಿಸುವ ಕಡೆ ಚೀಲಕ್ಕೆ ಬೀಳುವ ಸಕ್ಕರೆ ಸಹಜವಾಗಿಯೇ ಇಳಿಯುತ್ತದೆ; ಆ ಪಾಲನ್ನು ಇಳುವರಿಗೆ ಮರಳಿ ಸೇರಿಸಿದ್ದಾರೆಯೇ ಎಂಬುದು ಗದ್ದೆಯಲ್ಲಿ ನಿಂತವನಿಗೆ ಹೇಗೆ ತಿಳಿಯಬೇಕು?

ಹಣ ಪಾವತಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನಗಳೊಳಗೆ ಬಟವಾಡೆ ಆಗಬೇಕು, ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಬೇಕು. ಬಾಕಿ ಬಂದರೆ ಸಾಕೆಂದು ಸುಮ್ಮನಾಗುವ ನಮ್ಮಂಥವರು ಬಡ್ಡಿಯನ್ನು ಕೇಳುವುದೇ ಅಪರೂಪ. ಕೈಗೆ ತಕ್ಷಣ ಕಾಸು ಬೇಕಾದವರು ಸಿಕ್ಕ ದರಕ್ಕೆ ಆಲೆಮನೆಗೆ ಕಬ್ಬು ಸಾಗಿಸುವುದನ್ನು ಪಾಂಡವಪುರದ ಸುತ್ತಮುತ್ತ ತಾವೇ ಕಂಡಿದ್ದೀರಿ.

ಆದ್ದರಿಂದ ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯ (ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದ ಪ್ರಶ್ನೆ) ಮೂಲಕ ಸಕ್ಕರೆ ಸಚಿವರಿಂದ ಈ ಮಾಹಿತಿಯನ್ನು ಪಡೆಯಬೇಕೆಂದು ಕೋರುತ್ತೇನೆ: ಕಳೆದ ಮೂರು ಹಂಗಾಮುಗಳಲ್ಲಿ ಪ್ರತಿ ಕಾರ್ಖಾನೆ ಘೋಷಿಸಿದ ಇಳುವರಿ ಎಷ್ಟು, ಅದನ್ನು ಹೊರಗಿನವರು ಯಾರಾದರೂ ಪರಿಶೀಲಿಸಿದ್ದಾರೆಯೇ, ತಡವಾದ ಬಟವಾಡೆಗೆ ನಿಜವಾಗಿ ಕೊಟ್ಟ ಬಡ್ಡಿ ಎಷ್ಟು. ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ಕ್ಷೇತ್ರದ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಿಸಿದರೆ, ಓದಿ ಲೆಕ್ಕ ಹಾಕುವ ಕೆಲಸವನ್ನು ನಾವು ಮಾಡಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ