ಮುಲಾಂಜೆಯಿಂದ ಮುಲುಂಡಿಗೆ: ನಿಮಗೆಲ್ಲ ಝಿಕೋಮೊ

ಮನೆಗೆ ಬಂದು ಇಂದಿಗೆ ಹದಿನೇಳು ದಿನ. ಮುಂಬಯಿಯ ಮುಲುಂಡಿನ ಈ ಮನೆಯ ಬಾಗಿಲು ತೆಗೆದಾಗ ಒಳಗೆ ಧೂಳಿರಲಿಲ್ಲ. ಕಿಟಕಿಯ ಕುಂಡದಲ್ಲಿ ಮಲ್ಲಿಗೆ ಹಸಿರಾಗಿತ್ತು. ಎದುರು ಮನೆಯ ವಹಿನಿ ಎರಡು ವರ್ಷ ಬೀಗ ತೆಗೆದು ಗುಡಿಸಿ, ನೀರು ಹಾಕಿದ್ದಾರೆ. ನಾನು ಕೇಳಿಕೊಂಡದ್ದು ಲೈಟ್ ಬಿಲ್ ಒಂದು ನೋಡಿ ಅಂತ ಮಾತ್ರ. ಹಾಗಾಗಿ ಮೊದಲ ಧನ್ಯವಾದ ಅವರಿಗೆ. ಅವರಿಗೆ ಕನ್ನಡ ಓದಲು ಬರೋದಿಲ್ಲ, ಸಂಜೆ ನಾನೇ ಕೂತು ಮರಾಠಿಯಲ್ಲಿ ಹೇಳುತ್ತೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾನು ಇಲ್ಲಿನ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಟೀಚರ್ ಆಗಿದ್ದೆ. ನಿವೃತ್ತಿಯಾದ ವರ್ಷವೇ, 2022ರ ಸೆಪ್ಟೆಂಬರಿನಲ್ಲಿ, ಒಂದು ಮಿಶನ್ ಮೂಲಕ ಆಫ್ರಿಕಾದ ಮಲಾವಿ ದೇಶಕ್ಕೆ ಹೋದೆ. ದೇಶದ ದಕ್ಷಿಣದಲ್ಲಿ ಮುಲಾಂಜೆ ಅಂತ ಬೆಟ್ಟವಿದೆ. ಮೂರು ಸಾವಿರ ಮೀಟರ್ ಎತ್ತರ, ಕೆಳಗೆ ಟೀ ತೋಟಗಳು. ಅದರ ಬುಡದ ಹಳ್ಳಿಯೊಂದರಲ್ಲಿ ಅಲ್ಲಿನ ಚರ್ಚಿನ ಸಭೆಯವರು ನಡೆಸುವ ಶಿಶುವಿಹಾರ. ಬೆಳಗ್ಗೆ ಮಕ್ಕಳಿಗೆ ಗಂಜಿ, ಆಮೇಲೆ ಮಾವಿನ ಮರದ ಕೆಳಗೆ ಹಾಡು, ಆಟ, ಅಕ್ಷರ. ಇಲ್ಲಿ ಕೊನೆಯ ವರ್ಷ ನನ್ನ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಅಲ್ಲಿ ಮೊದಲ ದಿನವೇ ತೊಂಬತ್ತು.

ಕಳೆದ ಭಾನುವಾರ ಇಲ್ಲಿನ ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಸಭೆಯವರು ನೀವೆಲ್ಲ ಶಾಲು ಹೊದಿಸಿ, ದೊಡ್ಡ ಸೇವೆ ಮಾಡಿ ಬಂದ್ರಿ ಅಂದಿರಿ. ನನಗೆ ಗಂಟಲು ಕಟ್ಟಿತು, ಏನೂ ಹೇಳಲಾಗಲಿಲ್ಲ. ನಿಜ ಹೇಳಬೇಕೆಂದರೆ ಮೊದಲ ತಿಂಗಳೇ ವಾಪಸ್ ಬರುವ ಮನಸ್ಸಾಗಿತ್ತು. ಆಮೇಲೆ ಎರಡು ವರ್ಷ ಅಲ್ಲಿ ಉಳಿದದ್ದು ತೀರ ಸಣ್ಣ ಸಣ್ಣ ಖುಷಿಗಳಿಂದ. ಅವು ಯಾರ್ಯಾರ ಕೈಯಿಂದ ಬಂದವು ಅಂತ ಹೇಳಲೇಬೇಕು.

ಮೊದಲನೆಯದು ತೊಗರಿ. ಹೋದ ಮೂರನೆಯ ವಾರ. ಭಾಷೆ ಬಾರದು, ಊಟ ಹಿಡಿಸದು, ಸಂಜೆಯಾದರೆ ಕತ್ತಲು. ಒಂದು ಬೆಳಗ್ಗೆ ಸುಮ್ನೆ ನಡೆದು ಹೋಗುತ್ತಿದ್ದೆ. ಒಂದು ಅಂಗಳದಲ್ಲಿ ಅಜ್ಜಿಯೊಬ್ಬರು ಕೋಲು ಹಿಡಿದು ಒಣಗಿದ ಕಾಯಿ ಬಡಿಯುತ್ತಿದ್ದರು. ಆ ಸಪ್ಪಳಕ್ಕೇ ನಿಂತೆ. ನಾನು ಕಲಬುರಗಿ ಕಡೆಯವಳು. ತೊಗರಿ ಬಡಿಯುವ ಸಪ್ಪಳ ಕೇಳಿ ಬೆಳೆದವಳು. ಹತ್ತಿರ ಹೋಗಿ ಕಾಳು ಕೈಯಲ್ಲಿ ಹಿಡಿದರೆ ನಮ್ಮ ತೊಗರಿಯೇ! ಅಲ್ಲಿ ಅದಕ್ಕೆ ನಂದೋಲೊ ಅಂತಾರೆ. ವರ್ಷಕ್ಕೆ 50,000 ಟನ್ ತೊಗರಿ ಮಲಾವಿಯಿಂದ ತರಿಸಿಕೊಳ್ಳಲು ನಮ್ಮ ಸರಕಾರ 2021ರಲ್ಲಿ ಒಪ್ಪಂದ ಮಾಡಿಕೊಂಡಿದೆ ಅಂತ ಆಮೇಲೆ ತಿಳಿಯಿತು. ಅಂದರೆ ಮುಲುಂಡಿನಲ್ಲಿ ನಾವು ಕುದಿಸುವ ಸಾರಿನಲ್ಲಿ ಆ ಅಜ್ಜಿಯಂಥವರು ಬಡಿದ ಕಾಳು ಇದ್ದರೂ ಇರಬಹುದು, ಅಲ್ವಾ? ಅಜ್ಜಿ ನನ್ನ ಸೆರಗಿಗೆ ಎರಡು ಬೊಗಸೆ ಹಾಕಿದರು. ಅವರು ಕಾಳನ್ನು ಇಡಿಯಾಗಿ ಬೇಯಿಸಿ, ನ್ಸಿಮಾ ಅನ್ನುವ ಮೆಕ್ಕೆಜೋಳದ ಮುದ್ದೆಯ ಜೊತೆ ತಿನ್ನುತ್ತಾರೆ. ನಾನು ಅವತ್ತು ಬೀಸುವ ಕಲ್ಲು ಹುಡುಕಿ, ಕಾಳು ಒಡೆದು, ಬೇಳೆ ಸಾರು ಮಾಡಿದೆ. ಒಗ್ಗರಣೆಗೆ ಇದ್ದದ್ದು ಬೆಳ್ಳುಳ್ಳಿ ಒಂದೇ. ಅಷ್ಟು ರುಚಿಯಾದ ಸಾರು ನಾನು ಉಂಡಿಲ್ಲ. ಆ ಅಜ್ಜಿಗೆ ಈ ಬರಹ ಎಂದೂ ತಲುಪುವುದಿಲ್ಲ. ಆದರೂ ಬರೆಯುತ್ತೇನೆ: ಝಿಕೋಮೊ, ಅಗೋಗೋ.

ಝಿಕೋಮೊ ಅಂದರೆ ಅವರ ಚಿಚೇವಾ ಭಾಷೆಯಲ್ಲಿ ಧನ್ಯವಾದ. ಅಗೋಗೋ ಅಂದರೆ ಅಜ್ಜಿ. ಮಕ್ಕಳು ನನ್ನನ್ನೂ ಹಾಗೇ ಕರೆದರು. ಮೆಕ್ಕೆಜೋಳ, ಸೋಯಾ ಹಿಟ್ಟಿನ ಗಂಜಿಯನ್ನು ಮಗ್ಗಿನಲ್ಲಿ ಕೊಟ್ಟರೆ ಎರಡೂ ಕೈಯಲ್ಲಿ ತಗೋತಾರೆ. ಅದಕ್ಕೂ ಮೊದಲು ಮೆಲ್ಲಗೆ ಎರಡು ಸಲ ಚಪ್ಪಾಳೆ. ಅದೇ ಅವರ ಧನ್ಯವಾದ. ತೊಂಬತ್ತು ಮಕ್ಕಳ ಆ ಮೆತ್ತನೆ ಚಪ್ಪಾಳೆ ಈಗಲೂ ಬೆಳಗ್ಗೆ ಎಂಟಕ್ಕೆ ನನ್ನ ಕಿವಿಯಲ್ಲಿ ಕೇಳುತ್ತದೆ.

ಸ್ತ್ರೀ ಸಂಘದ ಅಕ್ಕಂದಿರೇ, ನೀವು ಕಳಿಸಿದ ಡಬ್ಬಿಯಲ್ಲಿ ಪೆನ್ಸಿಲ್ ಜೊತೆ ಪರಿಮಳದ ರಬ್ಬರ್ ಇದ್ದವಲ್ಲ, ಅವುಗಳ ಕಥೆ ಕೇಳಿ. ಒಂದು ಮಗುವೂ ಅದರಿಂದ ಏನನ್ನೂ ಅಳಿಸಲಿಲ್ಲ. ಮೂಸಿ ನೋಡಿ ಜೇಬಿಗೆ, ಮತ್ತೆ ತೆಗೆದು ಮೂಸಿ ಜೇಬಿಗೆ. ಜೇಬಿಲ್ಲದವರು ಮುಷ್ಟಿಯಲ್ಲೇ. ಐದು ವರ್ಷದ ಒಬ್ಬಳು ಮಾರನೆಯ ದಿನ ತನ್ನ ಅಜ್ಜಿಯನ್ನೇ ಕರೆದುಕೊಂಡು ಬಂದಳು, ಈ ವಾಸನೆ ಯಾವ ಹಣ್ಣಿನದು ಅಂತ ನನ್ನನ್ನು ಕೇಳಿಸಲು. ಸ್ಟ್ರಾಬೆರಿ ಅಂತ ಹೇಳಿದೆ. ಅಜ್ಜಿ ಮೂಸಿದರು, ತಲೆ ಅಲ್ಲಾಡಿಸಿದರು, ಇನ್ನೊಮ್ಮೆ ಮೂಸಿದರು.

ಡಿಸೆಂಬರಿನಲ್ಲಿ ಅಲ್ಲಿ ಮಾವು ಹಣ್ಣಾಗುತ್ತದೆ. ಕ್ರಿಸ್ಮಸ್ ದಿನ ನನ್ನ ಬಾಗಿಲಿಗೆ ಮಕ್ಕಳು ಮಾವಿನಹಣ್ಣು ತಂದಿಟ್ಟರು. ಹಳೆಯ ಜೋಳ ಮುಗಿದು ಹೊಸದು ಇನ್ನೂ ಬಾರದ ಹಸಿವಿನ ಕಾಲ ಅದು. ಅವರ ಮನೆಯಲ್ಲಿ ಬೇರೇನೂ ಇರಲಿಲ್ಲ.

ಇನ್ನು ಕಷ್ಟದ ಮಾತು. ಆ ವರ್ಷ ಮಲಾವಿಯಲ್ಲಿ ಕಾಲರಾ ಜೋರಾಗಿತ್ತು, ಹದಿನೇಳು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ನಮ್ಮ ಮಕ್ಕಳಲ್ಲಿ ಯಾರಿಗೂ ಬರಲಿಲ್ಲ, ದೇವರಿಗೆ ಸ್ತೋತ್ರ. ನನಗೆ ಮಲೇರಿಯಾ ಬಂತು. ಅದರಿಂದ ಎದ್ದು ಹತ್ತು ದಿನ ಆಗಿರಲಿಲ್ಲ, 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಬಂತು. ಐದು ವಾರಕ್ಕೂ ಜಾಸ್ತಿ ಕಾಲ ಹಿಂದೂ ಮಹಾಸಾಗರವನ್ನು ಅಡ್ಡ ಹಾಯ್ದು ಬಂದ ಮಾರುತ ಅದು. ಬೆಟ್ಟದಿಂದ ನೀರಿನ ಜೊತೆ ಮಣ್ಣು, ಬಂಡೆ ಇಳಿದವು. ದೇಶದಲ್ಲಿ ಸತ್ತವರು, ಕಾಣೆಯಾದವರು ಸೇರಿ ಸಾವಿರ ದಾಟಿದರು. ಶಿಶುವಿಹಾರದ ಎರಡು ಕೋಣೆಗಳಲ್ಲಿ ಇಪ್ಪತ್ತಾರು ಕುಟುಂಬ ಬಂದು ಸೇರಿದವು. ಮಣ್ಣಿನ ಮನೆಗಳು ಕರಗಿ ಹೋಗಿದ್ದವು. ಮಕ್ಕಳು ಅಳುತ್ತಲೂ ಇರಲಿಲ್ಲ. ಅದೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು.

ನಾಲ್ಕನೆಯ ದಿನ ಮಳೆ ನಿಂತಿತು. ಎಂಟು ವರ್ಷದ ಹುಡುಗ ಒಬ್ಬ ಬಿದ್ದ ಬೇಲಿಯಿಂದ ತಂತಿ ಬಿಡಿಸಿಕೊಂಡು ಬಂದ. ಮೂಲೆಯಲ್ಲಿ ಕೂತು ಬಗ್ಗಿಸಿದ, ಸುತ್ತಿದ. ಹರಿದ ಚಪ್ಪಲಿಯ ರಬ್ಬರ್ ಕತ್ತರಿಸಿ ಚಕ್ರ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಒಂದು ಕಾರು! ಗಾಲಿಮೋಟೊ ಅಂತಾರೆ ಅದಕ್ಕೆ. ಉದ್ದ ಕೋಲಿಗೆ ಸ್ಟೇರಿಂಗ್, ಅದನ್ನು ತಿರುಗಿಸಿದರೆ ಮುಂದಿನ ಚಕ್ರವೂ ತಿರುಗಬೇಕು, ಹಾಗೆ ಮಾಡಿದ್ದ. ಮಕ್ಕಳು ಸಾಲಾಗಿ ನಿಂತರು. ಒಬ್ಬೊಬ್ಬರಿಗೆ ಬಾಗಿಲಿನಿಂದ ಗೋಡೆಯ ತನಕ ಒಂದು ಸುತ್ತು. ಮೂರನೆಯ ಮಗು ಗೋಡೆಗೆ ಡಿಕ್ಕಿ ಹೊಡೆಸಿದಾಗ ಎಲ್ಲರೂ ನಕ್ಕರು. ಅಮ್ಮಂದಿರೂ ನಕ್ಕರು. ಆ ಹುಡುಗನ ಮನೆಯೂ ಹೋಗಿತ್ತು. ಆ ನಗು ಕೇಳಿ ನಾನು ಹಿಂದಿನ ಬಾಗಿಲಿಗೆ ಹೋಗಿ ಅತ್ತೆ. ಚಂಡಮಾರುತ ಬಂದ ಮೇಲೆ ಅದೇ ಮೊದಲ ಸಲ.

ಮಾರನೆಯ ದಿನ ಫೋನ್ ಹತ್ತಿತು. ಡೊಂಬಿವಲಿಯಲ್ಲಿ ತಮ್ಮನ ಮನೆಯಲ್ಲಿದ್ದ ಅವ್ವ ಕೇಳಿದ್ದು ಒಂದೇ ಮಾತು: "ಉಂಡ್ಯೇನವ್ವಾ?" ಐದು ದಿನ ನನಗಾಗಿ ನೀವು ಸರದಿಯ ಮೇಲೆ ರಾತ್ರಿಯಿಡೀ ಪ್ರಾರ್ಥನೆಗೆ ಕೂತದ್ದನ್ನು ತಮ್ಮ ಹೇಳಿದ. ಬೆಳಗ್ಗೆ ಏಳಕ್ಕೆ ಲೋಕಲ್ ಹಿಡಿಯುವವರು ಎರಡು ಗಂಟೆಗೆ ಎದ್ದಿರಿ. ಅವ್ವನನ್ನು ನೋಡಿಕೊಂಡ ತಮ್ಮನಿಗೂ ಅವನ ಹೆಂಡತಿಗೂ ಹೇಗೆ ಧನ್ಯವಾದ ಹೇಳಲಿ?

2023ರ ನವೆಂಬರಿನಲ್ಲಿ ಅಲ್ಲಿನ ರಿಸರ್ವ್ ಬ್ಯಾಂಕ್ ಆ ದೇಶದ ಹಣ ಕ್ವಾಚಾವನ್ನು ಶೇ. 44ರಷ್ಟು ಅಪಮೌಲ್ಯ ಮಾಡಿತು. ಸಕ್ಕರೆ, ಎಣ್ಣೆ, ಹಿಟ್ಟು ಎಲ್ಲದರ ಬೆಲೆ ಏರಿತು. ನಾನು ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರಿಗೆ ಪ್ರಾರ್ಥನೆ ಮಾಡಿ ಅಂತಷ್ಟೇ ಬರೆದಿದ್ದೆ. ಅವರು ಭಾನುವಾರ ಓದಿ ಹೇಳಿದರು, ನೀವು ಕಾಣಿಕೆ ಎತ್ತಿದಿರಿ. ಅದು ಹೇಗೋ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಗೊತ್ತಾಯಿತು. ಅವರಲ್ಲಿ ಒಬ್ಬ ಠಾಣೆಯಲ್ಲಿ ರಿಕ್ಷಾ ಓಡಿಸುತ್ತಾನೆ, ಇನ್ನೊಬ್ಬ ಹೋಟೆಲ್ ಗಲ್ಲೆಯಲ್ಲಿ ಕೂರುತ್ತಾನೆ. ಅವರಲ್ಲಿ ಹೆಚ್ಚಿನವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. "ಟೀಚರ್, ಮಕ್ಕಳ ಗಂಜಿಗೆ" ಅಂತ ಬರೆದು ಐನೂರು, ಸಾವಿರ ಕಳಿಸಿದರು. ಗಂಜಿ ಒಂದು ದಿನವೂ ನಿಲ್ಲಲಿಲ್ಲ. ಮಕ್ಕಳೇ, ನಿಮಗೆ ಮಗ್ಗಿ ಕಲಿಸಿದ್ದಕ್ಕೆ ಇಷ್ಟು ದೊಡ್ಡ ಗುರುದಕ್ಷಿಣೆ ಸಿಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಹೊರಡುವ ದಿನ ಕಾವಲುಗಾರ ತಾತ ತಮ್ಮ ಬಾವೊ ಮಣೆ ಕೊಟ್ಟರು. ನಮ್ಮ ಅಳಿಗುಳಿ ಮಣೆಯ ಅಣ್ಣ ಅನ್ನಬಹುದು. ನಮ್ಮದರಲ್ಲಿ ಏಳೇಳರ ಎರಡು ಸಾಲು, ಅದರಲ್ಲಿ ಎಂಟೆಂಟರ ನಾಲ್ಕು ಸಾಲು. ಸಂಜೆ ಸಂಜೆ ಅವರೇ ಕಲಿಸಿದ್ದರು. ಬರುವ ಭಾನುವಾರ ತರುತ್ತೇನೆ. ಹುಣಸೆ ಬೀಜ ಅರವತ್ತನಾಲ್ಕು ಬೇಕು, ಯಾರಾದರೂ ತನ್ನಿ.

ಗಾಲಿಮೋಟೊ ಕೂಡ ನನ್ನ ಜೊತೆ ಬಂದಿದೆ. ಆ ಹುಡುಗ ಬಸ್ ಹತ್ತುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಶೋಕೇಸಿನಲ್ಲಿ ಇಡೋಣ ಅಂದುಕೊಂಡಿದ್ದೆ. ವಹಿನಿಯ ಮೊಮ್ಮಗ ನೋಡಿದ. ಈಗ ಅದು ಕೆಳಗೆ ಪಾರ್ಕಿಂಗಿನಲ್ಲಿ ಓಡುತ್ತಿದೆ, ಚಕ್ರದ ಸಪ್ಪಳ ಇಲ್ಲಿಗೆ ಕೇಳುತ್ತಿದೆ.